ಕಬ್ಬಿಣಕ್ಕೆ ಬೀಗ ಹಾಕುವ ಹಾರ್ಮೋನು

ಕೋಶಗಳನ್ನು ಹಾಳುಮಾಡುವ ರಾಸಾಯನಿಕಗಳನ್ನು ತಡೆಯುವ ವಸ್ತುವೇ ಆಂಟಿಆಕ್ಸಿಡೆಂಟ್. ಅದರ ಹೆಸರೆತ್ತಿದರೆ ಗ್ರೀನ್ ಟೀ, ಮಾತ್ರೆ ಡಬ್ಬಿ, ವಾಟ್ಸ್‌ಆ್ಯಪ್‌ನಲ್ಲಿ ಬರುವ ಪುಡಿಗಳ ಪಟ್ಟಿ. ಹೊರಗಿನಿಂದ ತುಂಬಿಸಿಕೊಂಡಷ್ಟೂ ಒಳ್ಳೇದು ಅಂತ ಎಷ್ಟೋ ಜನ ನಂಬಿದ್ದಾರೆ. ಫಿನ್ಲೆಂಡಿನಲ್ಲಿ ಸಿಗರೇಟು ಸೇದುವ 29 ಸಾವಿರಕ್ಕೂ ಜಾಸ್ತಿ ಗಂಡಸರಲ್ಲಿ ಇದನ್ನು ಪರೀಕ್ಷಿಸಿದರು. 1994ರಲ್ಲಿ ಫಲಿತಾಂಶ ಬಂತು. ಬೀಟಾ ಕ್ಯಾರೋಟಿನ್ ಎಂಬ ಆಂಟಿಆಕ್ಸಿಡೆಂಟ್ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ 18% ಹೆಚ್ಚಾಗಿತ್ತು! ದೇಹಕ್ಕೆ ತನ್ನದೇ ಕಾವಲು ಇದೆ. ಅದರಲ್ಲಿ ನನಗೆ ಬಹಳ ಇಷ್ಟವಾದದ್ದು ಎರಿಥ್ರೋಪೊಯೆಟಿನ್ ಎಂಬ ಹಾರ್ಮೋನು, ಚಿಕ್ಕದಾಗಿ ಇಪಿಒ.

ಡಯಾಲಿಸಿಸ್ ಮಾಡಿಸಿಕೊಳ್ಳುವವರ ಮನೆಗಳಲ್ಲಿ ಈ ಇಂಜೆಕ್ಷನ್ ಗೊತ್ತೇ ಇರುತ್ತದೆ. ಆಮ್ಲಜನಕ ಕಡಿಮೆಯಾದಾಗ ಕಿಡ್ನಿ ಇಪಿಒ ಬಿಡುತ್ತದೆ, ಮೂಳೆಮಜ್ಜೆ ಕೆಂಪು ರಕ್ತಕಣ ಹೆಚ್ಚಿಸುತ್ತದೆ. ಇಂಥದ್ದೊಂದು ವಸ್ತು ಇರಲೇಬೇಕು ಅಂತ ಪ್ಯಾರಿಸ್ಸಿನ ಪಾಲ್ ಕಾರ್ನೊ ಮತ್ತು ಕ್ಲೋಟಿಲ್ಡ್ ಡಿಫ್ಲಾಂಡ್ರ್ 1906ರಲ್ಲೇ ಮೊಲಗಳನ್ನಿಟ್ಟುಕೊಂಡು ಹೇಳಿದ್ದರು. ಅದು ಶುದ್ಧವಾಗಿ ಕೈಗೆ ಸಿಕ್ಕಿದ್ದು 1977ರಲ್ಲಿ. ಮಿಯಾಕೆ ಮತ್ತು ಗೋಲ್ಡ್‌ವಾಸರ್ ತಂಡ ರಕ್ತಹೀನತೆಯ ರೋಗಿಗಳ 2,550 ಲೀಟರ್ ಮೂತ್ರ ಸೋಸಿ ಸೋಸಿ ಕೆಲವೇ ಮಿಲಿಗ್ರಾಂ ತೆಗೆಯಿತು. ಆ ತಾಳ್ಮೆಗೆ ಕೈ ಮುಗಿಯಬೇಕು.

ಈಗ ಅಸಲು ವಿಷಯ. ಜೀವಕೋಶ ಆಮ್ಲಜನಕ ಬಳಸುವಾಗ ಒಂಚೂರು ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟುತ್ತದೆ. ಅದೊಂದೇ ಇದ್ದರೆ ಕೋಶ ಹೇಗೋ ಸಂಭಾಳಿಸುತ್ತದೆ. ಅದರ ಜೊತೆ ಯಾವ ಪ್ರೋಟೀನಿನ ಹಿಡಿತದಲ್ಲೂ ಇಲ್ಲದ ಬಿಡಿ ಕಬ್ಬಿಣ ಸೇರಿತೋ, ಹೈಡ್ರಾಕ್ಸಿಲ್ ರ‍್ಯಾಡಿಕಲ್ ಅನ್ನುವ ಪುಂಡ ಹುಟ್ಟಿ ಕೋಶದ ಪೊರೆ, ಡಿಎನ್‌ಎ, ಸಿಕ್ಕಿದ್ದನ್ನೆಲ್ಲ ಹಾಳುಮಾಡುತ್ತದೆ. ಕಬ್ಬಿಣ ಮತ್ತು ಪೆರಾಕ್ಸೈಡಿನ ಈ ಜೋಡಿಯ ಬಗ್ಗೆ ಹೆನ್ರಿ ಫೆಂಟನ್ 1894ರಲ್ಲೇ ಬರೆದಿದ್ದ. ಕಬ್ಬಿಣ ಕೆಂಡದ ಹಾಗೆ: ಒಲೆಯಲ್ಲಿದ್ದರೆ ಅನ್ನ ಬೇಯುತ್ತದೆ, ಬಣವೆಗೆ ಬಿದ್ದರೆ ಊರೇ ಉರಿಯುತ್ತದೆ.

ಇಪಿಒ ಮಾಡುವುದು ಇದನ್ನೇ, ಕಬ್ಬಿಣವನ್ನು ಒಲೆಗೆ ಕಳಿಸುವ ಕೆಲಸ. ಅದರ ಕರೆಗೆ ಎದ್ದ ಎಳೆಯ ರಕ್ತಕಣಗಳು ಎರಿಥ್ರೋಫೆರೋನ್ ಎಂಬ ಇನ್ನೊಂದು ಹಾರ್ಮೋನು ಬಿಡುತ್ತವೆ. ಅದರಿಂದ, ಕಬ್ಬಿಣವನ್ನು ದಾಸ್ತಾನಿನಲ್ಲೇ ತಡೆದಿಡುವ ಲಿವರಿನ ಹಾರ್ಮೋನು ಹೆಪ್ಸಿಡಿನ್ ಇಳಿಯುತ್ತದೆ. ಹೆಪ್ಸಿಡಿನ್ ಇಳಿದರೆ ದಾಸ್ತಾನಿನಲ್ಲಿದ್ದ ಕಬ್ಬಿಣ ಹೊರಬಂದು, ಟ್ರಾನ್ಸ್‌ಫೆರಿನ್ ಪ್ರೋಟೀನಿನ ಹಿಡಿತದಲ್ಲೇ ಮಜ್ಜೆ ತಲುಪಿ ಹಿಮೋಗ್ಲೋಬಿನ್ನಿನೊಳಗೆ ಕೂರುತ್ತದೆ. ಒಂದು ಹಿಮೋಗ್ಲೋಬಿನ್‌ಗೆ ನಾಲ್ಕು ಕಬ್ಬಿಣದ ಪರಮಾಣು. ಒಂದು ಕೆಂಪು ಕಣದಲ್ಲಿ ಸುಮಾರು 27 ಕೋಟಿ ಹಿಮೋಗ್ಲೋಬಿನ್. ಲೆಕ್ಕ ಹಾಕಿ, ಒಂದೇ ಕಣದಲ್ಲಿ ನೂರು ಕೋಟಿಗೂ ಜಾಸ್ತಿ ಪರಮಾಣು ಬೀಗದೊಳಗೆ! ಸಾಲದ್ದಕ್ಕೆ ಆ ಕಣದಲ್ಲಿ ಪೆರಾಕ್ಸೈಡ್ ಒಡೆಯುವ ಕ್ಯಾಟಲೇಸ್ ಕೂಡ ತುಂಬಿರುತ್ತದೆ.

ಇನ್ನೊಂದು ದಾರಿಯೂ ಇದೆ. ಮಿದುಳು, ಹೃದಯದ ಕೋಶಗಳಲ್ಲೂ ಇಪಿಒ ಗುರುತಿಸುವ ಗ್ರಾಹಕಗಳಿವೆ. ಅಲ್ಲಿ ಅದು ಎನ್‌ಆರ್‌ಎಫ್2 ಎಂಬ ಪ್ರೋಟೀನನ್ನು ಎಚ್ಚರಿಸಿ, ಕೋಶದ ಸ್ವಂತ ರಕ್ಷಣಾ ಜೀನುಗಳನ್ನು ಕೆಲಸಕ್ಕೆ ಹಚ್ಚುವುದು ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಕಂಡಿದೆ.

ಹಾಗಂತ ಸುಮ್ನೆ ಇಂಜೆಕ್ಷನ್ ಚುಚ್ಚಿಸಿಕೊಳ್ಳಬೇಡಿ. ಜರ್ಮನಿಯಲ್ಲಿ 522 ಪಾರ್ಶ್ವವಾಯು ರೋಗಿಗಳ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 2009ರಲ್ಲಿ ಬಂತು. ಲಾಭ ಕಾಣಲಿಲ್ಲ, ಇಪಿಒ ಪಡೆದವರಲ್ಲೇ ಸಾವು ಜಾಸ್ತಿ ಇತ್ತು. ಕೆಂಪು ಕಣ ಮಿತಿ ಮೀರಿದರೆ ರಕ್ತ ಮಂದವಾಗುತ್ತದೆ, ಹೆಪ್ಪುಗಟ್ಟುವ ಅಪಾಯವೂ ಏರುತ್ತದೆ. ಅದಕ್ಕೇ ವಿಜ್ಞಾನಿಗಳು ಇಪಿಒ ಅಣುವನ್ನೇ ತಿದ್ದಲು ಹೊರಟರು. ರಕ್ತ ಹೆಚ್ಚಿಸದೆ ಕೋಶವನ್ನಷ್ಟೇ ಕಾಯುವ ಒಂದು ರೂಪವನ್ನು 2004ರಲ್ಲಿ ಪ್ರಾಣಿಗಳಲ್ಲಿ ತೋರಿಸಿಯೂ ಆಯಿತು. ಮನುಷ್ಯರಲ್ಲೂ ಅದು ಹಾಗೇ ಕೆಲಸ ಮಾಡುತ್ತದೆ ಅಂತ ಸಾಬೀತಾಗಬೇಕಿದೆ.