ಬಜೆಟ್‌ನಲ್ಲಿ ನಾನು ಮೊದಲು ನೋಡುವ ಪುಟ

ಬಜೆಟ್ ಮಂಡನೆಯಾದ ಮರುದಿನ ಮಡಿಕೇರಿಯ ನನ್ನ ಆಡಿಟ್ ಆಫೀಸಿಗೆ ಬಂದವರೆಲ್ಲ ಕೇಳುವುದು ಒಂದೇ: "ಸಾರ್, ಕೊಡಗಿಗೆ ಏನು ಸಿಕ್ತು?" ನಾನು ಘೋಷಣೆಗಳನ್ನು ಬಿಟ್ಟು ಜಮೆಯ ಪುಟ, ಅಂದರೆ ಸರ್ಕಾರಕ್ಕೆ ಬರುವ ಹಣದ ಪುಟ ತೆಗೆಯುತ್ತೇನೆ.

2025ರ ಮಾರ್ಚ್ 7ರಂದು ಸಿದ್ದರಾಮಯ್ಯ ಮಂಡಿಸಿದ 2025-26ರ ಬಜೆಟ್‌ನ ಗಾತ್ರ 4,09,549 ಕೋಟಿ ರೂಪಾಯಿ. ಅದರಲ್ಲಿ 1,16,000 ಕೋಟಿ ಸಾಲ. ರಾಜಸ್ವ ಜಮೆ, ಅಂದರೆ ಸಾಲ ಬಿಟ್ಟು ತೆರಿಗೆ ಮುಂತಾದವುಗಳಿಂದ ಬರುವ ಆದಾಯ, 2,92,477 ಕೋಟಿ. ಸಂಬಳ, ಪಿಂಚಣಿ, ಬಡ್ಡಿ, ಗ್ಯಾರಂಟಿ ಎಲ್ಲ ಸೇರಿ ರಾಜಸ್ವ ವೆಚ್ಚ 3,11,739 ಕೋಟಿ. ರಾಜಸ್ವ ಕೊರತೆ 19,262 ಕೋಟಿ. ತೋಟಕ್ಕೆ ಹೊಸ ಗಿಡ ಹಾಕಲು, ಕಣ ಮಾಡಿಸಲು ಸಾಲ ತೆಗೆದರೆ ನಾನು ಬೇಡವೆನ್ನುವುದಿಲ್ಲ. ಇಲ್ಲಿ ಆಳುಗಳ ವಾರದ ಬಟವಾಡೆಗೂ ಸಾಲ.

ಕಾನೂನಿನ ಗಡಿಯೂ ಹತ್ತಿರದಲ್ಲೇ ಇದೆ. 2002ರ ವಿತ್ತೀಯ ಹೊಣೆಗಾರಿಕೆ ಕಾಯ್ದೆಯ ಪ್ರಕಾರ ವಿತ್ತೀಯ ಕೊರತೆ (ಒಟ್ಟು ಖರ್ಚಿಗೂ ಸಾಲ ಬಿಟ್ಟ ಜಮೆಗೂ ಇರುವ ಅಂತರ) ರಾಜ್ಯದ ಒಟ್ಟು ಉತ್ಪನ್ನದ ಶೇ 3 ದಾಟಬಾರದು, ಒಟ್ಟು ಸಾಲದ ಹೊರೆ ಶೇ 25 ದಾಟಬಾರದು. ಅಂದಾಜು ಮಾಡಿದ್ದು ಶೇ 2.95 ಮತ್ತು ಶೇ 24.91. ಜಮೆ ಸ್ವಲ್ಪ ತಪ್ಪಿದರೂ ಇನ್ನಷ್ಟು ಸಾಲಕ್ಕೆ ಜಾಗವಿಲ್ಲ, ಖರ್ಚಿಗೇ ಕತ್ತರಿ.

ಜಮೆ ತಪ್ಪುತ್ತದೆಯೇ? ಕಾಫಿ ಗಿಡ ಹೂ ಬಿಡಿಸುವ ಹೂಮಳೆ ಬಿದ್ದ ವಾರ ಬೆಳೆಗಾರರು ಹೇಳುವ ಚೀಲದ ಲೆಕ್ಕಕ್ಕೂ ಫೆಬ್ರುವರಿಯಲ್ಲಿ ಕಣದಲ್ಲಿ ಒಣಗುವ ಚೆರ್ರಿಗೂ ಇರುವ ಅಂತರ ನಮಗೆ ಗೊತ್ತು. 2024-25ಕ್ಕೆ ಅಬಕಾರಿಯಿಂದ 38,525 ಕೋಟಿ ಬರಬೇಕಿತ್ತು, ಬರಲಿಲ್ಲ. ಆದರೂ ಮುಂದಿನ ವರ್ಷಕ್ಕೆ ಬರೆದದ್ದು 40,000 ಕೋಟಿ. ಅದಕ್ಕೇ ನಾನು ಅಂದಾಜಿನ ಪಕ್ಕದ ಪರಿಷ್ಕೃತ ಅಂದಾಜು (ವರ್ಷ ಮುಗಿಯುವ ಮೊದಲು ತಿದ್ದಿದ ಲೆಕ್ಕ), ಅದಕ್ಕೂ ಹಿಂದಿನ ವರ್ಷದ ಲೆಕ್ಕ ಎರಡನ್ನೂ ನೋಡದೆ ಮಾತಾಡುವುದಿಲ್ಲ.

2017ರಲ್ಲಿ ಜಿಎಸ್‌ಟಿ ಬಂದ ಮೇಲೆ ರಾಜ್ಯ ತಾನಾಗಿಯೇ ದರ ಏರಿಸಬಹುದಾದ ಮುಖ್ಯ ಬಾಬ್ತುಗಳು ಕೆಲವೇ: ಮದ್ಯ, ಪೆಟ್ರೋಲ್-ಡೀಸೆಲ್, ವಾಹನ, ನೋಂದಣಿ. 2025ರ ಆಗಸ್ಟ್ 31ರಿಂದ ಆಸ್ತಿ ನೋಂದಣಿ ಶುಲ್ಕ ಶೇ 1ರಿಂದ 2ಕ್ಕೆ ಏರಿದ್ದು ಈ ಕಾರಣಕ್ಕೇ ಎಂದು ನನ್ನ ಎಣಿಕೆ. ಕುಶಾಲನಗರದಲ್ಲಿ 40 ಲಕ್ಷದ ಸೈಟು ಕೊಳ್ಳುವವರಿಗೆ 40 ಸಾವಿರ ಹೆಚ್ಚು.

ಇನ್ನು ಕತ್ತರಿ ಎಲ್ಲಿ ಬೀಳುತ್ತದೆ ಅಂದರೆ, ಸಂಬಳದ ಮೇಲಲ್ಲ, ಬಡ್ಡಿಯ ಮೇಲಲ್ಲ, ಕಾಮಗಾರಿಗಳ ಬಿಲ್ಲಿನ ಮೇಲೆ. ಸೋಮವಾರಪೇಟೆ ಕಡೆಯ ಗುತ್ತಿಗೆದಾರರೊಬ್ಬರ ಫೈಲು ನನ್ನ ಮೇಜಿನ ಮೇಲಿದೆ. ಮಳೆಗೆ ಕುಸಿದ ರಸ್ತೆಯ ತಡೆಗೋಡೆ ಮುಗಿದಿದೆ, ಅಳತೆ ಪುಸ್ತಕಕ್ಕೆ ಸಹಿಯೂ ಬಿದ್ದಿದೆ. "ಎಲ್‌ಒಸಿ ಬಂದಿಲ್ಲ ಸಾರ್" (ಬಿಲ್ಲಿಗೆ ಹಣ ಬಿಡುವ ಸರ್ಕಾರದ ಪತ್ರ) ಎನ್ನುತ್ತಾ ಜಲ್ಲಿಯವರ ಬಾಕಿ ಚೀಟಿಗಳನ್ನು ನನ್ನ ಮುಂದೆ ಹರಡುತ್ತಾರೆ.