ಎರಡು ಕಾಲಿನ ನಡಿಗೆಯಲ್ಲಿ ಕಡಲಿನ ಪಾಲೆಷ್ಟು?

ಕರಾವಳಿಯಲ್ಲಿ ಅಂಗರಚನಾಶಾಸ್ತ್ರ ಪಾಠ ಮಾಡುವವರಿಗೆ ಒಂದು ಪ್ರಶ್ನೆ ತಪ್ಪಿದ್ದಲ್ಲ: ಮನುಷ್ಯ ನೆಟ್ಟಗೆ ನಿಂತದ್ದು ನೀರಿನಲ್ಲಂತೆ, ಹೌದೇ ಸರ್?

ಇದು ಯಾರೋ ಹಬ್ಬಿಸಿದ ಗಾಳಿಸುದ್ದಿಯಲ್ಲ. ಬ್ರಿಟನ್ನಿನ ಕಡಲ ಜೀವವಿಜ್ಞಾನಿ ಅಲಿಸ್ಟರ್ ಹಾರ್ಡಿ 1960ರಲ್ಲಿ ಮುಂದಿಟ್ಟ ಊಹೆ. ವೇಲ್ಸ್‌ನ ಲೇಖಕಿ ಎಲೈನ್ ಮಾರ್ಗನ್ ಎಪ್ಪತ್ತರ ದಶಕದಿಂದ ಅದನ್ನು ಜನರ ನಡುವೆ ತಂದರು. ಚಿಪ್ಪುಮೀನು ಹುಡುಕುತ್ತ ಎದೆಮಟ್ಟದ ನೀರಿಗಿಳಿದ ವಾನರ ಉಸಿರಾಡಬೇಕಾದರೆ ಹಿಂಗಾಲಿನ ಮೇಲೆ ನಿಲ್ಲಲೇಬೇಕು. ಅರ್ಧಕ್ಕೂ ಹೆಚ್ಚು ಭಾರವನ್ನು ನೀರೇ ಹೊರುವುದರಿಂದ ಅಭ್ಯಾಸವೂ ಸುಲಭ. ಗೊರಿಲ್ಲಾಗಳು ನೀರು ದಾಟುವಾಗ ಎರಡೇ ಕಾಲಿನಲ್ಲಿ ನಡೆಯುವುದೂ ನಿಜ. ವಾದ ಸೊಗಸಾಗಿದೆ. ಆದರೆ ಮೂಳೆಗಳು ಅದಕ್ಕೆ ಸಾಕ್ಷಿ ಹೇಳುತ್ತಿಲ್ಲ.

ಮನುಷ್ಯನ ತೊಡೆಯ ಮೂಳೆಯನ್ನು, ಕೆಳತುದಿಯ ಎರಡು ಉಬ್ಬುಗಳೂ ತಾಗುವಂತೆ, ಮೇಜಿನ ಮೇಲೆ ನಿಲ್ಲಿಸಿ ನೋಡಿ. ಮೂಳೆ ನೆಟ್ಟಗೆ ನಿಲ್ಲುವುದಿಲ್ಲ, ಓರೆಯಾಗಿ ಹೊರಕ್ಕೆ ವಾಲುತ್ತದೆ. ಚಿಂಪಾಂಜಿಯದ್ದು ಹೆಚ್ಚುಕಡಿಮೆ ನೆಟ್ಟಗೇ ನಿಲ್ಲುತ್ತದೆ. ಈ ಓರೆಯಿಂದಾಗಿ ನಮ್ಮ ಮಂಡಿಗಳು ದೇಹದ ನಡುಗೆರೆಗೆ ಹತ್ತಿರವಾಗಿವೆ. ಹೆಜ್ಜೆಗೊಮ್ಮೆ ಒಂದೇ ಕಾಲಿನ ಮೇಲೆ ನಿಂತರೂ ನಾವು ಪಕ್ಕಕ್ಕೆ ಓಲಾಡುವುದಿಲ್ಲ. ವಿದ್ಯಾರ್ಥಿಗಳು ಕಣ್ಣರಳಿಸುವುದು ಮುಂದಿನ ಮಾತಿಗೆ. ಹುಟ್ಟಿದ ಮಗುವಿನಲ್ಲಿ ಈ ಓರೆ ಇರುವುದಿಲ್ಲ. ಮಗು ನಡೆಯತೊಡಗಿ, ಮೈಭಾರ ಕಾಲಿಗೆ ಬಿದ್ದ ಮೇಲೆ, ವರ್ಷಗಳ ಅವಧಿಯಲ್ಲಿ ಅದು ಮೂಡುತ್ತದೆ. ಎಂದೂ ನಡೆಯಲಾಗದ ಮಕ್ಕಳಲ್ಲಿ ಮೂಡುವುದೇ ಇಲ್ಲ. ಅಂದರೆ ಈ ಮೂಳೆಯ ಒಡೆಯ ನಡೆದಿದ್ದನೇ ಇಲ್ಲವೇ ಎಂಬುದನ್ನು ಮೂಳೆಯೇ ಹೇಳುತ್ತದೆ.

ಇಥಿಯೋಪಿಯಾದ ಹಡಾರ್‌ನಲ್ಲಿ 1973ರಲ್ಲಿ ಸಿಕ್ಕ, ಮೂವತ್ತು ಲಕ್ಷ ವರ್ಷಕ್ಕೂ ಹಳೆಯ ಮಂಡಿಯ ಕೀಲಿನಲ್ಲಿ ಇದೇ ಓರೆ ಇದೆ. ಮರುವರ್ಷ ಅಲ್ಲೇ ಹೆಸರಾಂತ ‘ಲೂಸಿ’, ಅಂದರೆ ಆದಿಮಾನವ ಜಾತಿಯ ಹೆಣ್ಣೊಬ್ಬಳ ಎಲುಬುಗೂಡು, ಸಿಕ್ಕಿತು. ತಾಂಜಾನಿಯಾದ ಲಾಯ್ಟೋಲಿಯಲ್ಲಿ ಜ್ವಾಲಾಮುಖಿಯ ಹಸಿ ಬೂದಿಯ ಮೇಲೆ ಸುಮಾರು 36 ಲಕ್ಷ ವರ್ಷದ ಹಿಂದೆ ಮೂಡಿದ ಹೆಜ್ಜೆಗಳಂತೂ ಒಣನೆಲದ ನಡಿಗೆಯವೇ. ಸೊಂಟದ ಮಟ್ಟದ ನೀರಿನಲ್ಲಿ ಕಾಲಿನ ಮೇಲಿನ ಹೊರೆ ಅರ್ಧಕ್ಕೆ ಇಳಿಯುತ್ತದೆ. ಮಂಡಿ ಸವೆದವರಿಗೆ ಈಜುಕೊಳದಲ್ಲಿ ವ್ಯಾಯಾಮ ಮಾಡಿಸುವುದು ಅದಕ್ಕೇ. ನಮ್ಮ ದಪ್ಪ ಕೀಲುಗಳು, ಗಟ್ಟಿ ಹಿಮ್ಮಡಿ ಪೂರ್ತಿ ಭಾರ ಹೊರಲು ಸಜ್ಜಾದವು. ನೀರು ನಡಿಗೆಗೆ ಮೊದಲ ನೆಪವಾಗಿದ್ದಿರಬಹುದು, ತಳ್ಳಿಹಾಕಲಾರೆ. ಮೂಳೆಯನ್ನು ತಿದ್ದಿದ್ದು ನೆಲವೇ.

ಹಾಗಾದರೆ ಕಡಲಿಗೆ ಪಾಲೇ ಇಲ್ಲವೇ? ಇದೆ, ಆದರೆ ಬಹಳ ತಡವಾಗಿ, ಅದೂ ಊಟದ ತಟ್ಟೆಯಲ್ಲಿ. ದಕ್ಷಿಣ ಆಫ್ರಿಕಾದ ಪಿನಕಲ್ ಪಾಯಿಂಟ್ ಗುಹೆಯಲ್ಲಿ ಸುಮಾರು 1.64 ಲಕ್ಷ ವರ್ಷದ ಹಿಂದೆ ಮನುಷ್ಯರು ಚಿಪ್ಪುಮೀನು ತಿಂದ ಗುರುತುಗಳಿವೆ. ಮಿದುಳಿಗೆ ಬೇಕಾದ ಕೊಬ್ಬು, ಅಯೋಡಿನ್ ಎರಡೂ ಅಂಥ ಆಹಾರದಲ್ಲಿ ಧಾರಾಳ. ಎದುರು ಪಕ್ಷದವರಿಗೆ ಒಂದು ನ್ಯಾಯವಾದ ವಾದವಿದೆ: ಹಿಮಯುಗದಲ್ಲಿ ಕಡಲಮಟ್ಟ ಈಗಿನದಕ್ಕಿಂತ ನೂರು ಮೀಟರಿಗೂ ಹೆಚ್ಚು ಕೆಳಗಿದ್ದ ಕಾಲವಿತ್ತು, ಆಗಿನ ತೀರಗಳು ಇಂದು ಮುಳುಗಿವೆ. ಒಪ್ಪುತ್ತೇನೆ. ಆದರೆ ಪಿನಕಲ್ ಪಾಯಿಂಟಿನವರಿಗಿಂತ ಮೂವತ್ತು ಲಕ್ಷ ವರ್ಷ ಮೊದಲೇ ನಡಿಗೆ ಸಿದ್ಧವಾಗಿತ್ತು.

ಹಾಗಾದರೆ ಮನುಷ್ಯನನ್ನು ಎತ್ತರ ಮಾಡಿದ್ದು ಕಡಲ ಊಟವೇ? ಎತ್ತರದ ಲೆಕ್ಕ ಬೇರೆಯೇ. ಲೂಸಿ ಮೂರೂವರೆ ಅಡಿ ಮಾತ್ರ. ಕೀನ್ಯಾದ ತುರ್ಕಾನಾ ಸರೋವರದ ಬಳಿ 1984ರಲ್ಲಿ ಸಿಕ್ಕ, ಸುಮಾರು ಹದಿನೈದು ಲಕ್ಷ ವರ್ಷ ಹಳೆಯ ಹುಡುಗ ಐದು ಅಡಿ ದಾಟಿದ್ದ, ಅದೂ ಬೆಳೆಯುವ ವಯಸ್ಸಿನಲ್ಲೇ ಸತ್ತವನು. ಉದ್ದ ಕಾಲು ದೂರದ ನಡಿಗೆಗೆ ಲಾಭ. ಇಂದಿನವರನ್ನೇ ನೋಡಿ: ಮೀನು, ಆಮೆ ತಿಂದು ಕಡಲಂಚಿನಲ್ಲೇ ಬಾಳಿದ ಅಂಡಮಾನಿನ ಮೂಲನಿವಾಸಿಗಳು ಜಗತ್ತಿನ ಅತಿ ಕುಳ್ಳರಲ್ಲಿ ಸೇರುತ್ತಾರೆ. ನೆದರ್‌ಲ್ಯಾಂಡ್ಸ್‌ನ ಗಂಡಸರು ಹತ್ತೊಂಬತ್ತನೆಯ ಶತಮಾನದ ನಡುವೆ ಸರಾಸರಿ 165 ಸೆಂಟಿಮೀಟರ್ ಆಸುಪಾಸಿನಲ್ಲಿದ್ದರು, ಈಗ ಸುಮಾರು 183. ಕಡಲು ಅದೇ, ಬದಲಾದದ್ದು ಊಟ, ಹಾಲು, ಶುದ್ಧ ನೀರು, ಮಕ್ಕಳ ಕಾಯಿಲೆಗಳ ಪ್ರಮಾಣ.

ಮಗನಿಗೆ ಎತ್ತರಕ್ಕೆಂದು ಮೀನೆಣ್ಣೆ ಮಾತ್ರೆ ಕೊಡಬಹುದೇ ಎಂದು ಕೇಳುವವರಿಗೆ ನಾನು ಹೇಳುವುದಿಷ್ಟು: ಬಂಗುಡೆ, ಬೂತಾಯಿ ತಿನ್ನಿಸಿ, ತಿನ್ನದವರಾದರೆ ಬೇಳೆ, ಹಾಲು ಕೊಡಿ, ಇದೆಲ್ಲ ಎಳವೆಯಲ್ಲೇ ಆಗಬೇಕು. ಹದಿಹರೆಯ ಮುಗಿದು ಮೂಳೆಯ ತುದಿಯ ಬೆಳವಣಿಗೆಯ ಪದರ ಮುಚ್ಚಿಕೊಂಡ ಮೇಲೆ ಯಾವ ಮಾತ್ರೆಯಿಂದಲೂ ಎತ್ತರ ಹೆಚ್ಚುವುದಿಲ್ಲ.