ಬಂಪರ್‌ಗೆ ತುಕ್ಕು ಹಿಡಿಯಲ್ಲ, ನಿಜ. ಹಾಗಂತ ಗೀರನ್ನು ಬಿಡಬಹುದೇ?

ಪ್ರಶ್ನೆ: ಸ್ಪೋರ್ಟ್ಸ್ ಕಾರಿನ ಮುಂದಿನ ಬಂಪರ್ ಹೆಪ್ಪುಗಟ್ಟಿದ ಹಿಮದ ದಿಣ್ಣೆಗೆ ಉಜ್ಜಿ ಗೀರು ಬಿದ್ದಿದೆ. ಬಂಪರ್ ಹೇಗೂ ಪ್ಲಾಸ್ಟಿಕ್, ತುಕ್ಕಿನ ಭಯವಿಲ್ಲ. ಚಳಿಗಾಲ ಮುಗಿಯುವವರೆಗೆ ಹಾಗೇ ಬಿಡಬಹುದಲ್ಲವೇ?

ಉತ್ತರ: ಪ್ರತಿ ಚಳಿಗಾಲದಲ್ಲೂ ಇದೇ ಪ್ರಶ್ನೆ, ಅದರ ಹೊಟ್ಟೆಯೊಳಗೆ ಇದೇ ಸಿದ್ಧ ಉತ್ತರ. ಗೀರು ಕ್ಲಿಯರ್ ಕೋಟ್‌ನಲ್ಲೇ, ಅಂದರೆ ಬಣ್ಣದ ಮೇಲಿನ ಪಾರದರ್ಶಕ ಪದರದಲ್ಲೇ, ನಿಂತಿದ್ದರೆ ಧಾರಾಳವಾಗಿ ಬಿಡಿ. ತಳದಲ್ಲಿ ಕಪ್ಪು ಪ್ಲಾಸ್ಟಿಕ್ ಇಣುಕುತ್ತಿದ್ದರೆ ಬಿಡಬೇಡಿ. ಚೆಂದ ಮಾಡುವ ಕೆಲಸ ಬೇಸಿಗೆಗೆ ಇರಲಿ, ಗೀರಿನ ಬಾಯಿ ಮುಚ್ಚುವ ಕೆಲಸ ಈ ವಾರವೇ ಆಗಲಿ.

ಆ ‘ತುಕ್ಕು ಹಿಡಿಯಲ್ಲ’ ಎಂಬ ಮಾತು ಸುಳ್ಳಾಗಿದ್ದರೆ ಎಂದೋ ಸತ್ತಿರುತ್ತಿತ್ತು. ಅರ್ಧ ನಿಜವಾದ್ದರಿಂದಲೇ ಅಲ್ಲಾಡುವುದಿಲ್ಲ. ಕಬ್ಬಿಣಕ್ಕೆ ಬಣ್ಣ ಹೊಡೆಯುವುದು ಕಬ್ಬಿಣವನ್ನು ಕಾಯಲಿಕ್ಕೆ. ಬಂಪರ್‌ನಲ್ಲಿ ಕಾಪಾಡಬೇಕಿರುವುದು ಬಣ್ಣವನ್ನೇ.

ಬಹುತೇಕ ಬಂಪರ್‌ಗಳು ರಬ್ಬರ್ ಬೆರೆಸಿದ ಪಾಲಿಪ್ರೊಪಿಲೀನ್. ಈ ಪ್ಲಾಸ್ಟಿಕ್ಕಿನ ಮೈಗೆ ಬಣ್ಣ ತಾನಾಗಿ ಅಂಟುವುದಿಲ್ಲ. ಕಾರ್ಖಾನೆಯಲ್ಲಿ ಅದರ ಮೇಲೆ ಬೆಂಕಿಯ ಜ್ವಾಲೆ ಹಾಯಿಸಿ ಅಥವಾ ಹಿಡಿತ ಕೊಡುವ ವಿಶೇಷ ಪ್ರೈಮರ್ ಹೊಡೆದು ಬಣ್ಣವನ್ನು ಕೂರಿಸಿರುತ್ತಾರೆ. ಗೀರು ಆ ಹಿಡಿತವನ್ನು ಕಡಿಯುತ್ತದೆ. ಮುಚ್ಚಿದ್ದ ಬಣ್ಣಕ್ಕೆ ಈಗೊಂದು ತೆರೆದ ಅಂಚು. ಅದರಡಿ ನೀರು ನುಸುಳುತ್ತದೆ, ರಾತ್ರಿ ಹೆಪ್ಪುಗಟ್ಟುತ್ತದೆ. ನೀರು ಮಂಜುಗಡ್ಡೆಯಾಗುವಾಗ ಸುಮಾರು 9% ಹಿಗ್ಗುವುದರಿಂದ ಅಂಚು ಕೂದಲೆಳೆಯಷ್ಟು ಮೇಲೇಳುತ್ತದೆ. ಹಗಲು ಕರಗಿದಾಗ ಆ ಸಂದಿಗೆ ಇನ್ನಷ್ಟು ನೀರು. ಸಾಲದ್ದಕ್ಕೆ ಚಳಿ-ಬಿಸಿಗೆ ಪ್ಲಾಸ್ಟಿಕ್ ಉಕ್ಕಿಗಿಂತ ಹಲವು ಪಟ್ಟು ಕುಗ್ಗಿ ಹಿಗ್ಗುತ್ತದೆ, ಮೇಲಿನ ಬಣ್ಣವನ್ನೂ ಎಳೆದಾಡುತ್ತದೆ. ಕೊನೆಗೊಂದು ದಿನ ರಸ್ತೆಯ ಉಪ್ಪು ತೊಳೆಯಲು ಪ್ರೆಶರ್ ವಾಷರ್ ಹಿಡಿದಾಗ ಅಂಗೈ ಅಗಲದ ಬಣ್ಣ ಸಿಪ್ಪೆಯಂತೆ ಎದ್ದು ಬರುತ್ತದೆ. ಆಮೇಲೆ ಗೀರಿಗಷ್ಟೇ ಬಣ್ಣ ತುಂಬುವ ಟಚ್-ಅಪ್ ಮಾತೇ ಇಲ್ಲ, ಇಡೀ ಬಂಪರ್‌ಗೆ ಬಣ್ಣ.

ಇನ್ನೊಂದು: ನಿಮ್ಮದು ಸ್ಪೋರ್ಟ್ಸ್ ಕಾರು. ಕೆಳಗಿನ ತುಟಿಯಂಥ ಸ್ಪ್ಲಿಟರ್ ಕಾರ್ಬನ್ ಫೈಬರ್ ಇರಬಹುದು. ಬಗ್ಗಿ ತಳಭಾಗ ನೋಡಿ, ನೇಯ್ಗೆ ಕಾಣುತ್ತದೆಯೇ? ಹಾಗಿದ್ದರೆ ‘ತುಕ್ಕಿಲ್ಲ’ ಎಂಬ ಸಮಾಧಾನವೂ ಪೂರ್ತಿ ಉಳಿಯುವುದಿಲ್ಲ. ಕಾರ್ಬನ್ ವಿದ್ಯುತ್ ಹರಿಸುವ ವಸ್ತು. ಅದಕ್ಕೆ ತಾಗಿದ ಅಲ್ಯುಮಿನಿಯಂ ಬ್ರಾಕೆಟ್ಟನ್ನು ಉಪ್ಪುನೀರು ಬೇಗ ತಿಂದುಹಾಕುತ್ತದೆ. ಸ್ಪ್ಲಿಟರ್‌ನ ಎಳೆ ಬಿಚ್ಚಿಕೊಂಡಿದ್ದರೆ ಮನೆಯಲ್ಲಿ ಉಜ್ಜಲು ಹೋಗಬೇಡಿ. ಅದರ ಧೂಳು, ಚೂರು ಎರಡೂ ಅಪಾಯ.

ಇನ್ನು ಪರೀಕ್ಷೆ. ಮೊದಲು ಬಂಪರ್ ಮೇಲೆ ಪಿಪಿಎಫ್, ಅಂದರೆ ಬಣ್ಣ ಕಾಯಲು ಅಂಟಿಸುವ ಪಾರದರ್ಶಕ ಫಿಲ್ಮ್, ಇದೆಯೇ ನೋಡಿ. ಇಂಥ ಕಾರುಗಳಿಗೆ ಅದನ್ನು ಹಾಕಿಸುವವರು ಹಲವರು, ಹಾಕಿಸಿದ್ದನ್ನು ಮರೆಯುವವರೂ ಉಂಟು. ತಾನೇ ಮಾಯುವ ಬಗೆಯ ಫಿಲ್ಮ್ ಆದರೂ ಚಳಿಯಲ್ಲಿ ಮಾಯುವುದಿಲ್ಲ, ಅದಕ್ಕೆ ಶಾಖ ಬೇಕು. ಕಾರನ್ನು ಬೆಚ್ಚಗಿನ ಗ್ಯಾರೇಜಿನಲ್ಲಿ ನಿಲ್ಲಿಸಿ, ಬಂಪರ್ ಹದಕ್ಕೆ ಬಂದ ಮೇಲೆ ಬಿಸಿನೀರು ಹನಿಸಿ. ಸಣ್ಣ ಗೀರಾಗಿದ್ದರೆ ಕಣ್ಣೆದುರೇ ಮಾಯವಾಗುತ್ತದೆ. ಹೊರಗೆ ಮರಗಟ್ಟಿದ ಬಂಪರ್‌ಗೆ ಕುದಿಯುವ ನೀರು ಮಾತ್ರ ಬೇಡ.

ಫಿಲ್ಮ್ ಇಲ್ಲದಿದ್ದರೆ ಉಪ್ಪು ತೊಳೆದು ಒರೆಸಿ, ಗೀರಿನ ಮೇಲೆ ನೀರು ಸವರಿ. ಒದ್ದೆಯಲ್ಲಿ ಮರೆಯಾದರೆ ಅದು ಕ್ಲಿಯರ್ ಕೋಟ್‌ನ ಗೀರು, ಪಾಲಿಶ್‌ಗೆ ಬಗ್ಗುತ್ತದೆ. ಉಗುರು ಸಿಕ್ಕಿಕೊಂಡರೆ ಪಾಲಿಶ್ ಆಸೆ ಬಿಡಿ. ಆ ಪದರ ಇರುವುದೇ ಸಾಮಾನ್ಯವಾಗಿ 40-50 ಮೈಕ್ರಾನ್, ಗೀರಿನ ತಳ ಮುಟ್ಟುವವರೆಗೆ ಉಜ್ಜಿದರೆ ಪದರವೇ ಉಳಿಯದು. ಬಂಪರ್‌ನ ಮೂಲೆ, ಏಣುಗಳಲ್ಲಂತೂ ಇನ್ನೂ ತೆಳು. ಮಶೀನ್ ಪಾಲಿಶ್ ಮಾಡುವವರಿಗೆ ಒಂದು ಎಚ್ಚರಿಕೆ: ಪ್ಲಾಸ್ಟಿಕ್ ಶಾಖವನ್ನು ಹರಡುವುದಿಲ್ಲ, ಒಂದೇ ಕಡೆ ನಿಂತರೆ ಬಣ್ಣ ಸುಡುತ್ತದೆ. ಹೊಳಪಿಲ್ಲದ ಮ್ಯಾಟ್ ಬಣ್ಣದ ಕಾರಿಗೆ ಪಾಲಿಶ್ ಮುಟ್ಟಿಸಲೇ ಬಾರದು. ಹೊಳೆಯುವ ಮಚ್ಚೆ ಶಾಶ್ವತವಾಗಿ ಉಳಿಯುತ್ತದೆ. ಟೂತ್‌ಪೇಸ್ಟ್ ಬಗ್ಗೆ ಕೇಳುವವರಿಗೆ: ಅದು ಹಲ್ಲಿಗೆ.

ಕಪ್ಪು ಕಂಡ ಗೀರಿನ ಬಾಯಿ ಮುಚ್ಚುವುದು ಹೇಗೆ? ಇಲ್ಲಿ ಬಣ್ಣಕ್ಕಿಂತ ಮುಖ್ಯ ತಾಪಮಾನ, ಅದೂ ಗಾಳಿಯದಲ್ಲ, ಬಂಪರ್ ಮೈಯದು. ಕನಿಷ್ಠ 15 ಡಿಗ್ರಿ ಬೇಕು, 20 ಇದ್ದರೆ ನೆಮ್ಮದಿ. ಹೊರಗಿನಿಂದ ಬಂದ ಕಾರು ಬೆಚ್ಚಗಿನ ಗ್ಯಾರೇಜಿನಲ್ಲಿ ಬೆವರುತ್ತದೆ. ಆ ತೇವದ ಮೇಲೆ ಬಳಿದ ಬಣ್ಣ ಮಂಕಾಗುತ್ತದೆ, ಮಾರ್ಚ್ ಹೊತ್ತಿಗೆ ಕಳಚುತ್ತದೆ. ಒಂದು ರಾತ್ರಿ ಒಳಗೇ ನಿಲ್ಲಿಸಿ. ಬೆಳಿಗ್ಗೆ ಎದ್ದಿರುವ ಅಂಚನ್ನು 2000 ಗ್ರಿಟ್‌ನ ನಯವಾದ ನೀರುಕಾಗದದಿಂದ (ಒದ್ದೆ ಮಾಡಿ ಉಜ್ಜುವ ಸ್ಯಾಂಡ್‌ಪೇಪರ್) ಹಗುರವಾಗಿ ಸವರಿ. ಐಸೊಪ್ರೊಪೈಲ್ ಆಲ್ಕೊಹಾಲಿಗೆ ಅಷ್ಟೇ ನೀರು ಬೆರೆಸಿ ಒರೆಸಿ, ಆರಲು ಬಿಡಿ. ಬರಿಯ ಪ್ಲಾಸ್ಟಿಕ್ ಕಾಣುವ ಕಡೆಗಷ್ಟೇ, ಬಣ್ಣಕ್ಕೆ ಹಿಡಿತ ಕೊಡುವ ಅಡ್ಹೀಶನ್ ಪ್ರೊಮೋಟರ್ ತೆಳುವಾಗಿ ಸವರಿ. ಇದನ್ನು ಬಿಟ್ಟವರ ಟಚ್-ಅಪ್ಪೇ ಮೊದಲ ತೊಳೆತಕ್ಕೆ ಹೋಗುವುದು. ಬಳಿಕ ಬಣ್ಣದ ಕೋಡ್ ನೋಡಿ ತಂದ ಟಚ್-ಅಪ್ ಬಣ್ಣವನ್ನು ಹಲ್ಲುಕಡ್ಡಿಯ ತುದಿಯಲ್ಲಿ ಗೀರಿನೊಳಗೆ ಮಾತ್ರ ತುಂಬಿ: ಎರಡು-ಮೂರು ತೆಳು ಕೋಟ್, ನಡುವೆ ಅರ್ಧ ಗಂಟೆ ಬಿಡುವು, ಮೇಲೆ ಕ್ಲಿಯರ್. ಅವಸರಕ್ಕೆ ಹೇರ್ ಡ್ರೈಯರ್ ಹತ್ತಿರ ಹಿಡಿದರೆ ಮೇಲ್ಪದರ ಮೊದಲು ಒಣಗಿ, ಒಳಗಿನ ಥಿನ್ನರ್ ಗುಳ್ಳೆಯಾಗಿ ಏಳುತ್ತದೆ. ಮುಟ್ಟಿದರೆ ಅಂಟುವುದಿಲ್ಲ ಎಂದಾಕ್ಷಣ ಬಣ್ಣ ಗಟ್ಟಿಯಾಯಿತೆಂದಲ್ಲ. ಒಂದು ದಿನವಾದರೂ ಹೊರಗೆ ತೆಗೆಯಬೇಡಿ, ಆಮೇಲೂ ಕೆಲವು ವಾರ ಆ ಜಾಗಕ್ಕೆ ಪ್ರೆಶರ್ ವಾಷರ್ ಹಿಡಿಯಬೇಡಿ. ಮಟ್ಟಮಾಡಿ ಹೊಳಪು ಕೊಡುವುದು ಚಳಿ ಕಳೆದ ಮೇಲೆ.

ಯಾರೂ ಕೇಳದ, ಆದರೆ ಕೇಳಬೇಕಿದ್ದ ಒಂದು ಪ್ರಶ್ನೆ: ಗೀರಿನ ಹಿಂದೆ ಏನಿದೆ? ಈಗಿನ ಅನೇಕ ಕಾರುಗಳಲ್ಲಿ ಬಂಪರ್ ಚರ್ಮದ ಹಿಂದೆಯೇ ಮುಂದಿನ ವಾಹನದ ದೂರ ಅಳೆಯುವ, 77 ಗಿಗಾಹರ್ಟ್ಸ್ ಆಸುಪಾಸಿನ ರೇಡಾರ್ ಕೂತಿರುತ್ತದೆ. ಅದರ ಎದುರು ಪುಟ್ಟಿ ತುಂಬಿದರೆ, ಬಣ್ಣದ ಮೇಲೆ ಬಣ್ಣ ಹೊಡೆದರೆ, ಅದರಲ್ಲೂ ಲೋಹದ ಪುಡಿ ಇರುವ ಮೆಟಾಲಿಕ್ ಬಣ್ಣವಾದರೆ, ರೇಡಾರ್‌ನ ನೋಟ ಮಸುಕಾಗುತ್ತದೆ. ಹಲವು ತಯಾರಕರು ಆ ಜಾಗದಲ್ಲಿ ಪುಟ್ಟಿಯನ್ನು ನಿಷೇಧಿಸಿದ್ದಾರೆ, ಬಣ್ಣದ ದಪ್ಪಕ್ಕೂ ಮಿತಿ ಹಾಕಿದ್ದಾರೆ. ಆ ದಪ್ಪ ಅಳೆಯಲು ಪೇಂಟರ್ ತರುವ ಮಾಮೂಲಿ ಮ್ಯಾಗ್ನೆಟಿಕ್ ಗೇಜ್ ಪ್ಲಾಸ್ಟಿಕ್ ಮೇಲೆ ಕೆಲಸ ಮಾಡದು, ಅಲ್ಟ್ರಾಸೋನಿಕ್ ಗೇಜ್ ಬೇಕು. ಪಾರ್ಕಿಂಗ್ ಸೆನ್ಸರಿನ ಗುಂಡಿಯ ಮೇಲೂ ಅಷ್ಟೇ, ಟಚ್-ಅಪ್ ಬೊಟ್ಟು ಇಡಬೇಡಿ. ಬಂಪರನ್ನು ಬಣ್ಣಕ್ಕೆ ಕೊಡುವ ಮೊದಲು ಈ ಎರಡು ಪ್ರಶ್ನೆ ಕೇಳಿ: ರೇಡಾರ್ ಎಲ್ಲಿದೆ, ಮತ್ತೆ ಜೋಡಿಸಿದ ಮೇಲೆ ಅದರ ಕ್ಯಾಲಿಬ್ರೇಶನ್ (ನೋಟ ಸರಿಹೊಂದಿಸುವ ಕೆಲಸ) ಯಾರು ಮಾಡುತ್ತಾರೆ?